ಮಾತನಾಡುವ ಹಲಗೆ, ಸಾಗವಾನಿ ತುಂಡು, ಬಳಚಿನ ಚಿಪ್ಪು

ನಾಲ್ಕು ವರ್ಷದ ಮಗಳಿಗೆಂದು ಕಾರವಾರದ ಅಂಗಡಿಯೊಂದರಲ್ಲಿ 850 ರೂಪಾಯಿ ಕೊಟ್ಟು ಮಾತನಾಡುವ ಅಕ್ಷರದ ಹಲಗೆಯನ್ನು ತಂದೆ. ಅದೇ ತಿಂಗಳು ಶಿರಸಿಯ ಆಚಾರಿಯೊಬ್ಬರು ಬಾಗಿಲ ಕೆಲಸದಲ್ಲಿ ಉಳಿದ ಸಾಗವಾನಿಯನ್ನು ಕೊಯ್ದು, ಅಂಚುಗಳನ್ನು ಉಜ್ಜಿ, 300 ರೂಪಾಯಿಗೆ ಮೂವತ್ತು ತುಂಡುಗಳನ್ನು ಮಾಡಿಕೊಟ್ಟರು. ಹಲಗೆಯ ದುಡ್ಡು ದಂಡವಾಯಿತೆಂದು ಮೊದಲೇ ಹೇಳಿಬಿಡುತ್ತೇನೆ.

ಹಲಗೆಯ ಧ್ವನಿ ಸ್ಪಷ್ಟವಾಗಿದೆ, ಉಚ್ಚಾರಣೆಯೂ ಸರಿಯಿದೆ. ತೊಂದರೆ ಒಂದೇ: ಅದು ಕಾಯುವುದಿಲ್ಲ. ‘ಮ ಎಲ್ಲಿದೆ?’ ಎಂದು ಅದು ಕೇಳಿದಾಗ ಮಗಳು ‘ವ’ದ ಮೇಲೆ ಬೆರಳನ್ನು ಒತ್ತದೆ ಹಿಡಿದು, ಪಕ್ಕದ ‘ಮ’ವನ್ನೂ ನೋಡಿ, ಎರಡಕ್ಕೂ ಇರುವ ವ್ಯತ್ಯಾಸವನ್ನು ಹುಡುಕುತ್ತಿರುತ್ತಾಳೆ. ನಾನು ಮನಸ್ಸಿನಲ್ಲಿ ಐದು ಎಣಿಸುವಷ್ಟರಲ್ಲಿ ‘ಮತ್ತೆ ಪ್ರಯತ್ನಿಸು’ ಎಂಬ ಕೂಗು ಹೊರಡುತ್ತದೆ. ಅವಳು ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

ಎರಡು ವಾರದೊಳಗೆ ಅವಳೇ ಉಪಾಯ ಕಂಡುಕೊಂಡಳು. ಪ್ರಶ್ನೆ ಯಾವುದೇ ಇರಲಿ, ಸಾಲಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತುತ್ತ ಹೋದರೆ ಎಲ್ಲೋ ಒಂದು ಕಡೆ ಚಪ್ಪಾಳೆಯ ಸದ್ದು ಬಂದೇ ಬರುತ್ತದೆ. ಅವಳು ಕಲಿತದ್ದು ಚಪ್ಪಾಳೆ ಗಿಟ್ಟಿಸುವುದನ್ನು, ‘ಮ’ವನ್ನಲ್ಲ. ಅಂಗಡಿಗೆ ಒಯ್ದರೆ, “ಹಾಕಿ ತೋರಿಸಿಯೇ ಕೊಟ್ಟಿದ್ದೇವಲ್ಲ, ವಾಪಸ್ ತಗೊಳ್ಳೋದಿಲ್ಲ” ಎಂದರು.

ಮರದ ತುಂಡುಗಳು ಏನನ್ನೂ ಕೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕುಸಿದ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯ ಕಥೆಯನ್ನು ಅಜ್ಜನಿಂದ ಕೇಳಿದ ಮಗಳು ಜಗಲಿಯ ಮೇಲೆ ತನ್ನದೇ ಸೇತುವೆ ಕಟ್ಟಲು ಕುಳಿತಳು. ಕಂಬಗಳ ನಡುವಿನ ಅಂತರ ಹೆಚ್ಚಾಗಿ ಉದ್ದದ ತುಂಡು ಮೂರು ಸಲ ಕೆಳಗೆ ಬಿತ್ತು. ನಾಲ್ಕನೆಯ ಸಲ ಅವಳು ತುಂಡನ್ನು ಮೊದಲು ನೆಲದ ಮೇಲೆ ಮಲಗಿಸಿ, ಅದರ ಎರಡೂ ತುದಿಗೆ ಕಂಬ ನಿಲ್ಲಿಸಿ, ಆಮೇಲೆ ಎತ್ತಿ ಮೇಲಿಟ್ಟಳು. ಅಳತೆ ಎಂಬ ಪದವನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಜರ್ಮನಿಯಲ್ಲಿ 1837ರಲ್ಲಿ ಮೊದಲ ಶಿಶುವಿಹಾರ ತೆರೆದ ಫ್ರೋಬೆಲ್ ಒಂದು ಮರದ ಘನವನ್ನು ಎಂಟು ಚಿಕ್ಕ ಘನಗಳಾಗಿ ಮಾಡಿ ಮಕ್ಕಳ ಕೈಗೆ ಕೊಡಿಸುತ್ತಿದ್ದುದರ ಹಿಂದಿನ ಲೆಕ್ಕಾಚಾರ ನನಗೆ ಅಂದು ಅರ್ಥವಾಯಿತು. ಬ್ಯಾಟರಿ ತೆಗೆದ ಅಕ್ಷರದ ಹಲಗೆ ಈಗ ಆ ಸೇತುವೆಗೆ ಇಳಿಯುವ ರಸ್ತೆಯಾಗಿದೆ.

ತುಂಡುಗಳ ದೋಷವೆಂದರೆ ಸದ್ದು. ಮಧ್ಯಾಹ್ನ ಅತ್ತೆಯವರು ಮಲಗಿದಾಗ ಚಾಪೆ ಹಾಸಲೇಬೇಕು.

ಬಳಚು ಎಂದರೆ ನಮ್ಮ ಕಡೆ ತಿನ್ನುವ, ಎರಡು ಚಿಪ್ಪಿನ ಜಲಜೀವಿ; ಸಾರು ಮಾಡಿ ಉಳಿದ ಅದರ ಚಿಪ್ಪುಗಳಿಗೆ ಖರ್ಚಿಲ್ಲ. ಚೆನ್ನಾಗಿ ಕುದಿಸಿ ತೊಳೆದುಕೊಟ್ಟರೆ ದೊಡ್ಡದು, ಸಣ್ಣದು, ಗೆರೆಯುಳ್ಳದ್ದು ಎಂದು ವಿಂಗಡಿಸುತ್ತ ಅರ್ಧ ಗಂಟೆ ಕೂರುತ್ತಾಳೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಇವು ಬೇಡ.

ಅಕ್ಷರ ಬರಲಿಲ್ಲವಲ್ಲ ಎಂಬುದು ಅತ್ತೆಯವರ ಆಕ್ಷೇಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ ಎಂದೆ, ಅವರು ಒಪ್ಪಲಿಲ್ಲ. ಸಂಜೆ ಆರಕ್ಕೆ ಕೆಲಸದಿಂದ ಬಂದು ಮಗಳ ಪಕ್ಕ ಸುಮ್ಮನೆ ಕೂರಲು ಬಯಸುವ ನನ್ನಂಥವಳಿಗೆ ತುಂಡುಗಳೇ ಹೊಂದುತ್ತವೆ. ಕುಮಟಾದ ತಂಗಿಯ ಮಗನಿಗೂ ಒಂದು ಜೊತೆ ಮಾಡಲು ಆಚಾರಿಯವರಿಗೆ ಹೇಳಿದ್ದೇನೆ, ಉದ್ದದ ತುಂಡು ಮಾತ್ರ ಈ ಸಲ ಆರರ ಬದಲು ಹತ್ತು.