ಮೊದಲ ಅಧ್ಯಾಯ ಓದಿ ಮರುಳಾಗಬೇಡಿ

ಹದಿನೈದು ವರ್ಷದಿಂದ ಈ ಲೇಖಕರ ಒಂದು ಪುಸ್ತಕವನ್ನೂ ಬಿಟ್ಟವನಲ್ಲ ನಾನು. ಹೆಸರು ಬೇಡ ಬಿಡಿ. ಪತ್ತೇದಾರಿ ಕಥೆ ಬರೆಯುತ್ತಿದ್ದವರು ಮೊದಲ ಸಲ ದೆವ್ವದ ಕಾದಂಬರಿ ಬರೆದಿದ್ದಾರೆ ಅಂತ ಗೊತ್ತಾಗಿದ್ದೇ ತಡ, ಅಚ್ಚಾಗುವ ಮೊದಲೇ 420 ರೂಪಾಯಿ ಕಟ್ಟಿಬಿಟ್ಟೆ. ಈಗ ಹೊಟ್ಟೆ ಉರಿಯುತ್ತಿದೆ.

ಮೊದಲ ಅಧ್ಯಾಯ ನಿಜಕ್ಕೂ ಚೆನ್ನಾಗಿದೆ, ಮೋಸ ಇರುವುದೇ ಅಲ್ಲಿ. 1990ರ ಬೆಂಗಳೂರು, ಬೀದಿಯ ಮನೆಗಳ ಬಾಗಿಲ ಮೇಲೆಲ್ಲ 'ನಾಳೆ ಬಾ' ಅಂತ ಬರಹ, ನಡುರಾತ್ರಿ ಅಮ್ಮನ ದನಿಯಲ್ಲೇ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಚಿಕ್ಕವನಿದ್ದಾಗ ನಮ್ಮ ಬಾಗಿಲ ಮೇಲೂ ಸೀಮೆಸುಣ್ಣದಲ್ಲಿ ಹಾಗೇ ಬರೆದಿದ್ದರು, ಹಾಗಾಗಿ ಓದುತ್ತಾ ಓದುತ್ತಾ ಎದ್ದು ಹೋಗಿ ಚಿಲಕ ನೋಡಿ ಬಂದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ? ಐವತ್ತನೇ ಪುಟಕ್ಕೇ ಕರೆದವಳ ಜಾತಕ ಬಿಚ್ಚಿಡುತ್ತಾರೆ. ಹುಟ್ಟಿದ ಊರು, ಸತ್ತ ಕಾರಣ, ಕೊಂದವನು, ಎಲ್ಲ. ಆ ದನಿ ಯಾರದ್ದು ಅಂತ ಗೊತ್ತಿಲ್ಲದ್ದಕ್ಕೇ ತಾನೇ ನಾವು ಹೊದಿಕೆ ಮುಸುಕು ಹಾಕಿಕೊಂಡು ಮಲಗುತ್ತಿದ್ದದ್ದು? ಪತ್ತೇದಾರಿ ಕಥೆಯಲ್ಲಿ ಕೊನೇವರೆಗೂ ಗುಟ್ಟು ಬಿಡದ ಮನುಷ್ಯ ಇಲ್ಲಿ ಮಾತ್ರ ಯಾಕೆ ಹೀಗೆ ಮಾಡಿದರೋ.

ನಾಯಕನಿಗೆ ಕತ್ತಲಲ್ಲಿ ಭಯವಾದರೆ ಜೇಬಿಂದ ಮೊಬೈಲ್ ತೆಗೆದು ಗೆಳೆಯನಿಗೆ ಫೋನ್ ಮಾಡುತ್ತಾನೆ! ನಮ್ಮ ದೇಶಕ್ಕೆ ಮೊಬೈಲ್ ಬಂದದ್ದೇ 1995ರಲ್ಲಿ. ಆಗ ಮನೆಗೊಂದು ಲ್ಯಾಂಡ್‌ಲೈನ್ ಹಾಕಿಸಲು ವರ್ಷಗಟ್ಟಲೆ ಕಾಯಬೇಕಿತ್ತು.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಕಥೆ ಮಲೆನಾಡಿನ ಸಾಗರದ ಕಡೆಗೆ ಹೋದ ಮೇಲೆ ಅಲ್ಲಿ ಊರು ಕಾಯುವ ದೇವತೆಯಾದ ನಮ್ಮ ಚೌಡಿಯನ್ನು ತಂದು ರಕ್ತ ಹೀರುವ ಪಿಶಾಚಿ ಮಾಡಿದ್ದಾರೆ. ನನ್ನ ಅಜ್ಜಿಮನೆ ಅಲ್ಲೇ. ಮೇಯಲು ಹೋದ ದನ ಮನೆಗೆ ಬರದಿದ್ದರೆ ಅಜ್ಜಿ ಚೌಡಿಗೆ ಹರಕೆ ಹೊರುತ್ತಿದ್ದಳು. ಮರದ ಬುಡದ ಆ ಕಲ್ಲಿನ ಹತ್ತಿರ ಸಂಜೆ ಹೋಗಲು ನಮಗೆ ಹೆದರಿಕೆ ಇತ್ತು ನಿಜ, ಆದರೆ ಅದು ಕಾಯುವವಳ ಹೆದರಿಕೆ, ಬೇರೆಯದೇ ಥರದ್ದು. ಅದನ್ನು ಹಿಡಿದಿದ್ದರೆ ಎಂಥಾ ಕಾದಂಬರಿ ಆಗುತ್ತಿತ್ತು!

ಕೊನೆಯನ್ನೂ ಹೇಳಿಬಿಡುತ್ತೇನೆ, ಬೇಡದವರು ಇಲ್ಲಿಗೇ ನಿಲ್ಲಿಸಿ. ಎಲ್ಲವೂ ನಾಯಕನ ಭ್ರಮೆ. ಡಾಕ್ಟರ್ ಕೊಟ್ಟ ಮಾತ್ರೆ ನುಂಗಿದ, ದೆವ್ವ ಹೋಯಿತು.

ಓದಲೇಬೇಕು ಅನ್ನುವವರು ಲೈಬ್ರರಿಗೆ ಬರುವವರೆಗೆ ಕಾಯಿರಿ. ಸ್ಯಾಂಪಲ್ ಅಂತ ಸುಮ್ನೆ ಹಂಚುತ್ತಿರುವುದು ಆ ಮೊದಲ ಅಧ್ಯಾಯವನ್ನೇ, ಅದನ್ನು ನಂಬಿ ದುಡ್ಡು ಕಟ್ಟಬೇಡಿ. ಎರಡನೇ ಭಾಗವೂ ಬರುತ್ತದಂತೆ. ಮಾತ್ರೆ ಮುಗಿಯಿತು ಅಂತ ಕಾಣುತ್ತದೆ.