ನಿಯಾನ್ ಟ್ರಾನ್ಸ್‌ಫಾರ್ಮರೋ, ಫ್ಲೈಬ್ಯಾಕೋ?

ತೆರೆದ ಗಾಳಿಯಲ್ಲಿ ಪ್ಲಾಸ್ಮಾ (ವಿದ್ಯುತ್ ಹರಿದು ಹೊಳೆಯುವ ಅನಿಲ) ಎಬ್ಬಿಸಲು ಹವ್ಯಾಸಿಗಳು ಬಳಸುವುದು ಹೆಚ್ಚಾಗಿ ಎರಡು: 15 ಕಿಲೋವೋಲ್ಟ್, 30 ಮಿಲಿಆಂಪ್‌ನ ಹಳೇ ಕಬ್ಬಿಣದ ಕೋರ್‌ನ ನಿಯಾನ್ ಟ್ರಾನ್ಸ್‌ಫಾರ್ಮರ್ (ನಿಯಾನ್ ಬೋರ್ಡ್ ಬೆಳಗಿಸುವಂಥದ್ದು), ಇಲ್ಲವೇ ಜೆಡ್‌ವಿಎಸ್ ಡ್ರೈವರ್‌ಗೆ (ಟ್ರಾನ್ಸ್‌ಫಾರ್ಮರನ್ನು ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಓಡಿಸುವ ಸರ್ಕ್ಯೂಟ್) ಕಟ್ಟಿದ ಟಿವಿ ಫ್ಲೈಬ್ಯಾಕ್, ಅಂದರೆ ಹಳೇ ಟಿವಿಯ ಪಿಕ್ಚರ್ ಟ್ಯೂಬಿಗೆ ಹೈವೋಲ್ಟೇಜ್ ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್.

ಎರಡು ಸರಳುಗಳ ನಡುವೆ ಆರ್ಕ್, ಅಂದರೆ ನಿಲ್ಲದ ಕಿಡಿ, ಮೇಲೇರುವ ಜೇಕಬ್ಸ್ ಲ್ಯಾಡರ್‌ಗೆ ನಿಯಾನ್ ಟ್ರಾನ್ಸ್‌ಫಾರ್ಮರೇ ಸರಿ. ಅದರ ಕೋರ್‌ನಲ್ಲಿರುವ ಮ್ಯಾಗ್ನೆಟಿಕ್ ಶಂಟ್ (ಕಾಂತಹರಿವಿಗೆ ಪಕ್ಕದಾರಿ ಕೊಡುವ ಕಬ್ಬಿಣದ ತುಂಡು) ಕರೆಂಟನ್ನು ತಾನೇ ಹಿಡಿದಿಡುತ್ತದೆ, ಆರ್ಕ್ ಹೊತ್ತಿಕೊಂಡರೂ ವೈಂಡಿಂಗ್ ಸುಡುವುದಿಲ್ಲ. ಗಾಳಿ ಒಡೆಯಲು ಮಿಲಿಮೀಟರ್‌ಗೆ ಸುಮಾರು 3 ಕಿಲೋವೋಲ್ಟ್ ಬೇಕು. 15 ಕಿಲೋವೋಲ್ಟ್ ಎಸಿಯ ಪೀಕ್ (ಗರಿಷ್ಠ ಮಟ್ಟ) ಸುಮಾರು 21 ಕಿಲೋವೋಲ್ಟ್. ಹಾಗಾಗಿ ಸರಳುಗಳ ಬುಡದಲ್ಲಿ 6 ಮಿ.ಮೀ. ಅಂತರ ಸಾಕು. ಬೆಂಗಳೂರಿನಂಥ ಎತ್ತರದ ಊರಲ್ಲಿ ಗಾಳಿ ತೆಳು, ಕಿಡಿ ತುಸು ಬೇಗ ಹಾರುತ್ತದೆ. ಆದರೆ ಫ್ಯಾನ್ ಹಾಕಿದರೆ ಆರ್ಕ್ ಅರ್ಧ ದಾರಿಯಲ್ಲೇ ತುಂಡಾಗುತ್ತದೆ. ಹೊಸ ಮಾದರಿಗಳಲ್ಲಿ ಗ್ರೌಂಡ್ ಫಾಲ್ಟ್ ರಕ್ಷಣೆ (ನೆಲಕ್ಕೆ ಕರೆಂಟ್ ಸೋರಿದರೆ ಆಫ್ ಮಾಡುವ ವ್ಯವಸ್ಥೆ) ಇರುವುದರಿಂದ ಅವು ಪದೇಪದೇ ಟ್ರಿಪ್ ಆಗಿ ತಲೆ ತಿನ್ನುತ್ತವೆ. ಸೆಕೆಂಡರಿಯ (ಹೈವೋಲ್ಟೇಜ್ ಸುರುಳಿಯ) ಮಧ್ಯಬಿಂದು ಪೆಟ್ಟಿಗೆಗೇ ಸೇರಿರುತ್ತದೆ, ಪೆಟ್ಟಿಗೆಗೆ ಅರ್ಥಿಂಗ್ ಕೊಡದೆ ಬಳಸಲೇಬೇಡಿ.

ಗಾಜಿನ ನಡುವಿನ ನೇರಳೆ ಡಿಸ್ಚಾರ್ಜ್‌ಗೆ ಬಂದರೆ ಆಟ ತಿರುಗುತ್ತದೆ. ಎರಡು ಮಿ.ಮೀ. ಗಾಜು, ಒಂದು ಮಿ.ಮೀ. ಗಾಳಿ ಇಟ್ಟರೆ ನಿಯಾನ್ ಟ್ರಾನ್ಸ್‌ಫಾರ್ಮರ್ ಕೊಡುವುದು ಕತ್ತಲೆಯಲ್ಲಷ್ಟೇ ಕಾಣುವ ಮಂಕು ಬೆಳಕು. ಪ್ರತಿ ಸೈಕಲ್‌ನಲ್ಲೂ ಗಾಜಿನ ಮೇಲ್ಮೈ ಚಾರ್ಜ್ ಆಗಿ ಡಿಸ್ಚಾರ್ಜ್‌ನ ಎಳೆಗಳನ್ನು ತಾನೇ ನಂದಿಸುತ್ತದೆ. ಆದ್ದರಿಂದ ಪವರ್ ಹೆಚ್ಚುವುದು ಫ್ರೀಕ್ವೆನ್ಸಿಯ ಜತೆಗೆ. ನಿಯಾನ್ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಎಲ್ಲಿ, ಫ್ಲೈಬ್ಯಾಕ್‌ನ 30 ಕಿಲೋಹರ್ಟ್ಸ್ ಎಲ್ಲಿ! ಫ್ಲೈಬ್ಯಾಕ್‌ನಲ್ಲಿ ಕೂದಲೆಳೆಯಂಥ ನೇರಳೆ ಗೆರೆಗಳು ಗಾಜಿನ ತುಂಬ ದಟ್ಟವಾಗಿ ನಿಲ್ಲುತ್ತವೆ.

ಒಂದು ಷರತ್ತು: ಡಯೋಡ್ ಒಳಗೇ ಇರುವ ಕಲರ್ ಟಿವಿಯ ಫ್ಲೈಬ್ಯಾಕ್ ನಡೆಯದು. ಆ ಡಯೋಡ್‌ನಿಂದ ಹೊರಬರುವುದು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್. ಗಾಜು ಒಮ್ಮೆ ಚಾರ್ಜ್ ಆಯಿತೆಂದರೆ ಮಿಂಚಿ ಮುಗಿಯಿತು. ಹಳೆಯ ಕಪ್ಪು-ಬಿಳುಪು ಸೆಟ್ಟಿನ, ಡಯೋಡ್ ಹೊರಗಿರುವ ಮಾದರಿ ಹುಡುಕಿ. ಡ್ರೈವರ್‌ಗೆ ಎರಡು ಐಆರ್‌ಎಫ್‌ಪಿ250 ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), 0.68 ಮೈಕ್ರೋಫ್ಯಾರಡ್ ಎಂಕೆಪಿ (ಪಾಲಿಪ್ರೊಪಿಲೀನ್) ಕೆಪಾಸಿಟರ್, ಪ್ರೈಮರಿ 5+5 ಸುತ್ತು, 24 ವೋಲ್ಟ್ ಸಪ್ಲೈ. ಸಪ್ಲೈ ನಿಧಾನ ಏರಿದರೆ ಆಂದೋಲನ ಶುರುವಾಗದೆ ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್ ಆಗಿ ಸುಡುತ್ತವೆ. ಸಪ್ಲೈ ಪೂರ್ತಿ ಏರಿದ ಮೇಲೆ ಸ್ವಿಚ್ ಹಾಕಿ. ಲೋಡ್ ಇಲ್ಲದೆ ಬಿಟ್ಟರೆ ಫ್ಲೈಬ್ಯಾಕ್ ಒಳಗೇ ಕಿಡಿ ಹಾರಿ ಕೆಡುತ್ತದೆ.

ಕಿಟಕಿ ಗಾಜು ಬಿಸಿಯಾದಂತೆ ವಿದ್ಯುತ್ ಬಿಡತೊಡಗುತ್ತದೆ, ಆ ಜಾಗ ಇನ್ನಷ್ಟು ಕಾಯುತ್ತದೆ, ಕೊನೆಗೆ ತೂತಾಗುತ್ತದೆ. ಬೋರೋಸಿಲಿಕೇಟ್ ಗಾಜು (ಲ್ಯಾಬ್ ಪಾತ್ರೆಗಳ, ಶಾಖ ತಾಳುವ ಗಾಜು) ಹೆಚ್ಚು ತಡೆಯುತ್ತದೆ. ಮೂಗಿಗೆ ಓಝೋನ್ ಬಡಿದ ಕೂಡಲೇ ನಿಲ್ಲಿಸಿ, ಕಿಟಕಿ ತೆರೆಯಿರಿ.