ಗಂಧರಾಜದ ಜೊತೆ ಬಂದ ಹಸಿರು ತಿಗಣೆ: ಹಿತ್ತಲಿನಲ್ಲಿ ಕಾಫಿ ಸಸಿ ಇರುವವರು ದಯವಿಟ್ಟು ಗಮನಿಸಿ

ಮನೆಯಂಗಳಕ್ಕೆ ಗಂಧರಾಜದ ಗಿಡ ಕೊಳ್ಳುವ ಮಲೆನಾಡಿನವರು, ಅದರಲ್ಲೂ ಹಿತ್ತಲಿನಲ್ಲಿ ಕಾಫಿ ಸಸಿ ಎಬ್ಬಿಸುತ್ತಿರುವವರು, ಎಲೆಗಳನ್ನು ಮಗುಚಿ ನೋಡದೆ ಆ ಗಿಡವನ್ನು ಮನೆಗೆ ತರಬೇಡಿ. ಗಂಧರಾಜವೂ ಕಾಫಿಯೂ ರೂಬಿಯೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು; ನಮ್ಮ ಕೇಪಳವೂ ಅದೇ ಕುಟುಂಬದ್ದು. ಹೀಗಾಗಿ ಒಂದಕ್ಕೆ ಹತ್ತುವ ಹಲವು ಕೀಟಗಳು ಇನ್ನೊಂದಕ್ಕೂ ಹತ್ತುತ್ತವೆ.

ಕಳೆದ ಮಳೆಗಾಲ ಮುಗಿದ ಮೇಲೆ ಮೂಡಿಗೆರೆ ಸಮೀಪದ ನಮ್ಮ ಮನೆಗೆ ನರ್ಸರಿಯೊಂದರಿಂದ ದಟ್ಟ ದಳದ ಗಂಧರಾಜವನ್ನು ತಂದೆವು. ಎಲೆಗಳು ಮುಟ್ಟಿದರೆ ಅಂಟುತ್ತಿದ್ದವು, ಕುಡಿಗಳಲ್ಲಿ ಇರುವೆಗಳು ಓಡಾಡುತ್ತಿದ್ದವು. ಇದೇನೆಂದು ನಮ್ಮ ಅತ್ತೆಯವರು ಅಲ್ಲಿಯೇ ವಿಚಾರಿಸಿದಾಗ, ಎಲೆ ಹೊಳೆಯಲೆಂದು ಸಿಂಪಡಿಸಿದ ದ್ರಾವಣದ ಅಂಟು ಅದು, ಇರುವೆಗಳು ಮೊಗ್ಗಿನ ಸಿಹಿಗೆ ಬಂದಿವೆ, ಏನೂ ತೊಂದರೆಯಿಲ್ಲ ಎಂದು ಮಾರುವವರು ಭರವಸೆ ಕೊಟ್ಟರು. ಅವರು ಹೇಳಿದ್ದು ನಿಜವಾಗಿರಲಿಲ್ಲ. ಆ ಅಂಟು ಹಸಿರು ತಿಗಣೆ ಎಂಬ ರಸ ಹೀರುವ ಕೀಟ ಸುರಿಸುವ ಸಿಹಿದ್ರವವಾಗಿತ್ತು, ಇರುವೆಗಳು ಬಂದದ್ದೂ ಅದಕ್ಕಾಗಿಯೇ.

ಕಾಕಸ್ ವಿರಿಡಿಸ್ ಎಂಬ ಈ ಕೀಟ ಎರಡು ಮೂರು ಮಿಲಿಮೀಟರ್ ಉದ್ದದ, ತಿಳಿಹಸಿರು ಬಣ್ಣದ, ಚಪ್ಪಟೆಯಾದ ಜೀವಿ. ಎಲೆಯ ಅಡಿಭಾಗದಲ್ಲಿ ನಡುನರದ ಉದ್ದಕ್ಕೂ, ಎಳೆಯ ಕುಡಿಗಳ ಮೇಲೂ ಅಂಟಿಕೊಂಡಿರುವುದರಿಂದ ದೂರದಿಂದ ಕಾಣುವುದೇ ಇಲ್ಲ. ಗಂಡಿನ ನೆರವಿಲ್ಲದೆ ಹೆಣ್ಣೊಂದೇ ಸಂತಾನ ಬೆಳೆಸಬಲ್ಲದು, ಆದ್ದರಿಂದ ಒಂದು ಉಳಿದರೂ ಸಾಕು. ಬಲಿತ ಮೇಲೆ ಅದು ಕುಳಿತಲ್ಲಿಯೇ ಇರುತ್ತದೆ. ಹರಡುವುದು ಮರಿಗಳು, ಒಂದಕ್ಕೊಂದು ತಾಗುವ ಎಲೆಗಳ ಮೇಲೆ ನಡೆದು, ಗಾಳಿಯಲ್ಲಿ ತೇಲಿ, ನಮ್ಮ ಬಟ್ಟೆಗೆ ಹತ್ತಿಕೊಂಡು. ಇರುವೆಗಳು ಸಿಹಿಯ ಆಸೆಗೆ ತಿಗಣೆಯನ್ನು ಅದರ ಶತ್ರುಗಳಿಂದ ಕಾಯುತ್ತವೆ.

ನಮ್ಮ ಗಂಧರಾಜದ ಪಕ್ಕದಲ್ಲಿಯೇ ಚಪ್ಪರದ ಕೆಳಗೆ ಅರೇಬಿಕಾ ಕಾಫಿ ಸಸಿಗಳ ತೊಟ್ಟೆಗಳನ್ನು (ಪ್ಲಾಸ್ಟಿಕ್ ಚೀಲಗಳನ್ನು) ಸಾಲಾಗಿ ಇಟ್ಟಿದ್ದೆವು. ಬೇಸಿಗೆ ಬಲಿಯುವ ಹೊತ್ತಿಗೆ ಆ ಸಾಲಿನ ಎಲೆಗಳ ಮೇಲೆಲ್ಲ ಮಸಿ ಬಳಿದಂತೆ ಕಪ್ಪು ಬೂಷ್ಟು ಹಬ್ಬಿತು. ಸಿಹಿದ್ರವದ ಮೇಲೆ ಬೆಳೆಯುವ ಈ ಶಿಲೀಂಧ್ರ ಎಲೆಗೆ ಬೆಳಕು ತಲುಪದಂತೆ ಮಾಡುತ್ತದೆ. ಇತ್ತ ತಿಗಣೆಯು ರಸ ಹೀರುತ್ತಲೇ ಇರುತ್ತದೆ. ದೊಡ್ಡ ಗಿಡ ಹೇಗೋ ತಾಳಿಕೊಳ್ಳಬಹುದು, ಎಳೆಯ ಸಸಿ ಸೊರಗಿಬಿಡುತ್ತದೆ. ಜೂನ್ ಮಳೆಗೆ ತೋಟದಲ್ಲಿ ನೆಡಬೇಕಿದ್ದ ಸಸಿಗಳಲ್ಲಿ ಬಹುಪಾಲನ್ನು ಕಿತ್ತು ಸುಡಬೇಕಾಯಿತು. ನರ್ಸರಿಯವರನ್ನು ಕೇಳಿದರೆ, ಗಿಡ ಮಾರಿದ ಮೇಲೆ ತಮ್ಮ ಹೊಣೆಯಿಲ್ಲ ಎಂದರು. ವರ್ಷವೊಂದು ಕಳೆದುಹೋದ ನಷ್ಟವನ್ನು ಬೆಳೆಗಾರರಾದವರು ಬಲ್ಲರು.

ಉಳಿದ ಸಸಿಗಳ ಎಲೆಯಡಿಗೆ ಜೋರಾಗಿ ನೀರು ಹಾಯಿಸಿ ತೊಳೆದು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ತುಸು ಸೋಪಿನ ದ್ರಾವಣ ಬೆರೆಸಿ, ಬಿಸಿಲಿಳಿದ ಮೇಲೆ ಮತ್ತೆ ಮತ್ತೆ ಸಿಂಪಡಿಸಿದೆವು. ಇರುವೆಗಳ ಗೂಡನ್ನು ಹುಡುಕಿ ತೆಗೆಯುವವರೆಗೆ ಅದರಿಂದ ಹೆಚ್ಚು ಫಲ ಸಿಗಲಿಲ್ಲ.

ಹಾಗೆಂದು ಬಿಳಿಯಾಗಿ ಕಂಡದ್ದನ್ನೆಲ್ಲ ಹೊಸಕಿಬಿಡಬೇಡಿ. ಗಂಧರಾಜಕ್ಕೂ ಕಾಫಿಗೂ ಮೈಮೇಲೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಹಿಟ್ಟು ತಿಗಣೆಯೆಂಬ ಇನ್ನೊಂದು ಕೀಟವೂ ಬರುತ್ತದೆ. ಆದರೆ ಅದನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿಯೂ ಮೈತುಂಬ ಬಿಳಿ ಮೇಣ ಹೊತ್ತು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗಾತ್ರದಲ್ಲಿ ದೊಡ್ಡದು, ಚುರುಕಾಗಿ ಓಡಾಡುತ್ತದೆ, ಗುರುತಿಗೆ ಇಷ್ಟು ಸಾಕು. ಹಸಿರು ತಿಗಣೆಯನ್ನು ಹತೋಟಿಗೆ ತರಲೆಂದೇ 1898ರಲ್ಲಿ ಆಸ್ಟ್ರೇಲಿಯಾ ಮೂಲದ ಈ ಹುಳವನ್ನು ದಕ್ಷಿಣ ಭಾರತಕ್ಕೆ ತಂದಿದ್ದರು. ಆ ಕೆಲಸದಲ್ಲಿ ಅದು ಗೆಲ್ಲಲಿಲ್ಲವಾದರೂ ಹಿಟ್ಟು ತಿಗಣೆಯನ್ನು ತಿಂದು ಇಂದಿಗೂ ನಮಗೆ ದೊಡ್ಡ ಉಪಕಾರ ಮಾಡುತ್ತಿದೆ.

ಗಂಧರಾಜ ನನಗೆ ಬಹಳ ಪ್ರಿಯವಾದ ಹೂವು, ನಮ್ಮ ಹುಳಿಮಣ್ಣು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ, ಬೆಳೆಸಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವಾಗ ಎಲೆ ಅಂಟುತ್ತಿದ್ದರೆ, ಕಾಂಡದ ಮೇಲೆ ಇರುವೆ ಹತ್ತಿಳಿಯುತ್ತಿದ್ದರೆ ಆ ಗಿಡವನ್ನು ಅಲ್ಲಿಯೇ ಬಿಡಿ. ತೊಟ್ಟೆ ಸರಿಸಿ ಬೇರಿನ ಬಳಿ ಬಿಳಿ ಹಿಟ್ಟಿನಂಥದ್ದು ಇದೆಯೇ ಎಂಬುದನ್ನೂ ನೋಡಿ. ಚೆನ್ನಾಗಿದೆ ಎನಿಸಿದ ಗಿಡವನ್ನೂ ತಿಂಗಳ ಕಾಲ ಕಾಫಿ ಸಸಿಗಳಿಂದ ದೂರವಿಡಿ. ಈಗಾಗಲೇ ಕಾಫಿಯ ಪಕ್ಕದಲ್ಲಿ ನೆಟ್ಟಿರುವವರು ಒಂದಕ್ಕೊಂದು ತಾಗುವ ರೆಂಬೆಗಳನ್ನು ಕತ್ತರಿಸಿ, ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಎಲೆಯಡಿಯನ್ನು ಪರೀಕ್ಷಿಸಿ. ಈ ಕೀಟ ಹೆಚ್ಚುವುದು ಆಗಲೇ.